ಹಾವಿನ ವಿಷವೂ ವಂಶವಾಹಿಯ ಸಾಗಾಣಿಕೆಯೂ

ವಿಷವೆಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೊದಲು ಮೂಡುವುದು ಭಯ. ಅದು ಸಹಜವೇ. ಹೊಲಗದ್ದೆಗಳಲ್ಲಿ ದುಡಿಯುವವರ ಪಾಲಿಗೆ ಹಾವಿನ ಕಡಿತವು ಇಂದಿಗೂ ಪ್ರಾಣಕ್ಕೇ ಕುತ್ತಾದ ವಿಪತ್ತು. ಆದರೆ ವಿಷವನ್ನು ಕಂಡ ಶಾಸ್ತ್ರಜ್ಞನು ಕೇಳುವ ಪ್ರಶ್ನೆ ಬೇರೆಯಾಗಿದೆ. ಇಷ್ಟು ಅಲ್ಪವಾದ ವಸ್ತುವು ಇಷ್ಟು ದೊಡ್ಡ ಕೆಲಸವನ್ನು ಮಾಡುವುದಾದರೂ ಹೇಗೆ? ದೇಹದ ಯಾವ ಬಾಗಿಲನ್ನು ಅದು ಯಾವ ಕೀಲಿಯಿಂದ ತೆರೆಯುತ್ತದೆ? ಆ ಕೀಲಿಯನ್ನು ನಮ್ಮ ಕೈಗೆ ತೆಗೆದುಕೊಳ್ಳಲು ಸಾಧ್ಯವೇ?

ಈ ಬಗೆಯ ವಿಚಾರದಿಂದ ಲೋಕಕ್ಕೆ ಉಪಕಾರವಾಗಿರುವುದುಂಟು. ಬ್ರೆಜಿಲ್ ದೇಶದಲ್ಲಿ ಜರರಾಕ ಎಂಬ ಹಾವಿದೆ. ಅದು ಕಚ್ಚಿದವರ ರಕ್ತದೊತ್ತಡವು ಇಳಿದುಹೋಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಬ್ರ್ಯಾಡಿಕೈನಿನ್ ಎಂಬ ವಸ್ತು ನಮ್ಮ ದೇಹದಲ್ಲಿಯೇ ಇದೆ. ಅದರ ಪ್ರಭಾವವನ್ನು ಹೆಚ್ಚಿಸುವ ಅಂಶವೊಂದು ಈ ಹಾವಿನ ವಿಷದಲ್ಲಿದೆಯೆಂದು ಆ ದೇಶದ ಸೆರ್ಜಿಯೋ ಫೆರೇರಾ 1965ರಲ್ಲಿ ತೋರಿಸಿಕೊಟ್ಟರು. ಆ ತಿಳಿವಳಿಕೆಯ ಜಾಡು ಹಿಡಿದು ಹೊರಟವರಿಗೆ ಕ್ಯಾಪ್ಟೋಪ್ರಿಲ್ ಎಂಬ ಔಷಧಿ ದೊರಕಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಲಭಿಸಿತು. ರಕ್ತದೊತ್ತಡದ ರೋಗಿಗಳಲ್ಲಿ ಎಷ್ಟೋ ಮಂದಿ ತಮಗೆ ತಿಳಿಯದೆಯೇ ಒಂದು ಹಾವಿಗೆ ಋಣಿಗಳಾಗಿದ್ದಾರೆ.

ಅಲ್ಲಿ ವಿಷದ ಅಂಶವೇ ಔಷಧಿಗೆ ಮಾದರಿಯಾಯಿತು. ಇಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಇನ್ನೂ ಸೋಜಿಗದ ಸಂಗತಿ. ವಿಷದೊಳಗಿನ ಒಂದು ಚಿಕ್ಕ ಅಣುವಿನ ಬೆನ್ನಿನ ಮೇಲೆ ವಂಶವಾಹಿಯನ್ನು ಹೇರಿ ಅದನ್ನು ಜೀವಕೋಶದೊಳಕ್ಕೆ ಕಳುಹಿಸಬಹುದೇ ಎಂಬುದೇ ಆ ಪ್ರಶ್ನೆ.

ಜೀವಕೋಶವೆಂಬ ಕೋಟೆ

ಮೊದಲು ಈ ಸಾಗಾಣಿಕೆಯ ಅಗತ್ಯವೇನೆಂಬುದನ್ನು ನೋಡೋಣ. ನಮ್ಮ ದೇಹದ ಪ್ರತಿಯೊಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂಬ ವಿಧಿಯು ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಬರೆದಿರುತ್ತದೆ. ಒಂದು ಪ್ರೋಟೀನಿಗೆ ಸಂಬಂಧಪಟ್ಟ ಭಾಗವನ್ನು ಸ್ಥೂಲವಾಗಿ ಒಂದು ವಂಶವಾಹಿ ಎನ್ನಬಹುದು. ಈ ಬರವಣಿಗೆಯಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲವೊಮ್ಮೆ ಬಾಳೆಲ್ಲ ಕಾಡುವ ರೋಗವುಂಟಾಗುತ್ತದೆ. ಕುಸುಮರೋಗದಲ್ಲಿ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟಿಸುವ ಪ್ರೋಟೀನೊಂದರ ವಂಶವಾಹಿ ಕೆಟ್ಟಿರುವುದೇ ಅದಕ್ಕೆ ಕಾರಣ. ಅಂಥ ರೋಗಿಯ ಜೀವಕೋಶಗಳಿಗೆ ಸರಿಯಾದ ವಂಶವಾಹಿಯ ಪ್ರತಿಯೊಂದನ್ನು ತಲುಪಿಸಿದರೆ ರೋಗದ ಬೇರಿಗೇ ಮದ್ದು ಹಾಕಿದಂತಾಗುವುದಷ್ಟೆ.

ಹೇಳುವುದು ಸುಲಭ, ತಲುಪಿಸುವುದು ಕಷ್ಟ. ದಾರಿಯಲ್ಲಿ ನಾಲ್ಕು ಅಡ್ಡಿಗಳಿವೆ. ಮೊದಲನೆಯದಾಗಿ, ಬರಿಯ ಡಿ.ಎನ್.ಎ.ಯನ್ನು ರಕ್ತಕ್ಕೆ ಸೇರಿಸಿದರೆ ಅಲ್ಲಿರುವ ಕಿಣ್ವಗಳು ಅದನ್ನು ತುಂಡರಿಸಿಬಿಡುತ್ತವೆ. ಎರಡನೆಯದು ಕೋಶಪೊರೆ. ಅದರ ದಪ್ಪ ಮೀಟರಿನ ನೂರು ಕೋಟಿ ಭಾಗಗಳಲ್ಲಿ ಐದಾರು ಭಾಗದಷ್ಟು ಮಾತ್ರ. ಆದರೆ ಅದರ ನಡುವೆ ಎಣ್ಣೆಯ ಸ್ವಭಾವದ ಪದರವಿರುವುದರಿಂದ ವಿದ್ಯುದಂಶವುಳ್ಳ ಅಣುಗಳು ಹಾಯಲಾರವು. ಡಿ.ಎನ್.ಎ.ಯ ಬೆನ್ನೆಲುಬು ಫಾಸ್ಫೇಟುಗಳಿಂದಾದುದು, ಅದರ ಉದ್ದಕ್ಕೂ ಋಣ ವಿದ್ಯುದಂಶವಿದೆ. ಕೋಶದ ಮೇಲ್ಮೈಯೂ ಬಹುಮಟ್ಟಿಗೆ ಋಣವೇ. ಆದುದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ.

ಮೂರನೆಯ ಅಡ್ಡಿ ಹೆಚ್ಚು ಕಪಟದ್ದು. ಹೊರಗಿನ ವಸ್ತುವು ಹೇಗೋ ಕೋಶಕ್ಕೆ ಅಂಟಿಕೊಂಡರೆ, ಕೋಶವು ಪೊರೆಯನ್ನು ಒಳಕ್ಕೆ ಮಡಿಸಿ ಅದನ್ನು ಒಂದು ಕಿರುಚೀಲದಲ್ಲಿ ನುಂಗುತ್ತದೆ. ಒಳಗೆ ಹೋಯಿತೆಂದು ನಾವು ಹಿಗ್ಗುವಂತಿಲ್ಲ. ಆ ಚೀಲ ಕ್ರಮೇಣ ಆಮ್ಲೀಯವಾಗಿ, ಕೊನೆಗೆ ಜೀರ್ಣಕಾರಿ ಕಿಣ್ವಗಳ ಪಾಲಾಗುತ್ತದೆ. ಚೀಲದಿಂದ ಸಕಾಲದಲ್ಲಿ ತಪ್ಪಿಸಿಕೊಂಡ ಸರಕಿಗೆ ಮಾತ್ರ ಬದುಕು. ನಾಲ್ಕನೆಯದಾಗಿ, ಡಿ.ಎನ್.ಎ. ಕೆಲಸ ಮಾಡಬೇಕಾದರೆ ಕೋಶಕೇಂದ್ರದ ಒಳಗೂ ಪ್ರವೇಶಿಸಬೇಕು. ಕೋಟೆಯ ನಡುವೆ ಮತ್ತೊಂದು ಕೋಟೆಯಿದ್ದಂತೆ!

ಹಳೆಯ ವಾಹಕಗಳು

ಈ ಅಡ್ಡಿಗಳನ್ನೆಲ್ಲ ದಾಟಬಲ್ಲ ನಿಪುಣರು ಪ್ರಕೃತಿಯಲ್ಲಿ ಮೊದಲಿನಿಂದ ಇರುವರು. ಅವೇ ವೈರಸ್ಸುಗಳು. ಅವುಗಳ ರೋಗಕಾರಕ ಭಾಗವನ್ನು ತೆಗೆದು, ನಮಗೆ ಬೇಕಾದ ವಂಶವಾಹಿಯನ್ನು ತುಂಬಿ ಕಳುಹಿಸುವ ಕ್ರಮ ಬಳಕೆಗೆ ಬಂದಿತು. 1990ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ್ದ ನಾಲ್ಕು ವರ್ಷದ ಬಾಲಿಕೆಯೊಬ್ಬಳಿಗೆ ಈ ವಿಧಾನದ ಚಿಕಿತ್ಸೆ ನಡೆಯಿತು. ಅವಳ ಬಿಳಿಯ ರಕ್ತಕಣಗಳನ್ನು ಹೊರತೆಗೆದು, ವೈರಸ್ಸಿನ ಮೂಲಕ ಅವುಗಳಿಗೆ ವಂಶವಾಹಿಯನ್ನು ಸೇರಿಸಿ, ಮತ್ತೆ ದೇಹಕ್ಕೆ ಹಿಂದಿರುಗಿಸಿದರು. ಲೋಕವೆಲ್ಲ ಆಸೆಯಿಂದ ನೋಡಿತು.

ಆದರೆ 1999ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ತರುಣನು ಚುಚ್ಚುಮದ್ದು ಪಡೆದ ನಾಲ್ಕು ದಿನಗಳಲ್ಲಿ ತೀರಿಕೊಂಡನು. ಅವನನ್ನು ಬಲಿ ತೆಗೆದುಕೊಂಡುದು ವಂಶವಾಹಿಯಲ್ಲ. ಅದನ್ನು ಹೊತ್ತು ತಂದ ವೈರಸ್ಸಿನ ವಿರುದ್ಧ ಅವನ ದೇಹವೇ ತೋರಿದ ಉಗ್ರ ಪ್ರತಿಕ್ರಿಯೆ. ಅಂದಿನಿಂದ ವೈರಸ್ಸುಗಳನ್ನು ಎಷ್ಟೋ ಸುಧಾರಿಸಿ ಅನೇಕ ಚಿಕಿತ್ಸೆಗಳಿಗೆ ಬಳಸಿದ್ದಾರೆ. ಆದರೂ ಹೊರೆಯಷ್ಟೇ ಹೊರುವಾಳನ್ನೂ ಪರೀಕ್ಷಿಸಬೇಕೆಂಬ ಪಾಠವನ್ನು ವೈದ್ಯಲೋಕ ಮರೆಯಲಿಲ್ಲ.

ಇನ್ನೊಂದು ಬಗೆಯ ವಾಹಕ ಕೊಬ್ಬಿನ ಅತಿಸೂಕ್ಷ್ಮ ಗುಳಿಗೆ. 2018ರಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ ಆರ್.ಎನ್.ಎ. ಔಷಧಿಯೂ, 2020ರಲ್ಲಿ ಕೋವಿಡ್ ರೋಗಕ್ಕೆ ಬಂದ ಆರ್.ಎನ್.ಎ. ಲಸಿಕೆಗಳೂ ಇಂಥ ಗುಳಿಗೆಗಳಲ್ಲೇ ಅಡಗಿ ಪಯಣಿಸಿದವು. ಇದು ದೊಡ್ಡ ಗೆಲುವು. ಆದರೆ ರಕ್ತಕ್ಕೆ ಬಿಟ್ಟ ಈ ಗುಳಿಗೆಗಳಲ್ಲಿ ಹೆಚ್ಚಿನ ಪಾಲು ಯಕೃತ್ತಿಗೆ ಹೋಗಿ ಸೇರುತ್ತದೆ. ಬೇರೊಂದು ಅಂಗದ ಕೋಶಗಳನ್ನು, ಅದರಲ್ಲೂ ಇಂಥ ಕೋಶವನ್ನೇ ಎಂದು ಆರಿಸಿ ತಲುಪುವ ವಾಹಕ ಬೇಕಾದರೆ ಬೇರೆ ಕಡೆ ಹುಡುಕಬೇಕು. ಹೀಗೆ ಹುಡುಕುತ್ತ ಹೋದವರ ದೃಷ್ಟಿ ಹಾವಿನ ಹಲ್ಲಿನ ಮೇಲೆ ಬಿದ್ದಿತು.

ಗಿಲಕಿಹಾವಿನ ಕ್ರೋಟಮೀನ್

ವಿಷವೆಂದರೆ ಒಂದೇ ವಸ್ತುವಲ್ಲ, ಹಲವು ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ತೀರ ಚಿಕ್ಕವಾದ, ಕೆಲವೇ ಅಮೈನೋ ಆಮ್ಲಗಳ ಸರಗಳಿಗೆ ಪೆಪ್ಟೈಡ್ ಎಂದು ಹೆಸರು. ಕೋಟಿಗಟ್ಟಲೆ ವರ್ಷಗಳಲ್ಲಿ ಈ ಸರಗಳು ಬೇಟೆಯ ಜೀವಕೋಶಗಳ ಬಾಗಿಲುಗಳಿಗೆ ಸರಿಯಾಗಿ ಹೊಂದುವಂತೆ ರೂಪುಗೊಂಡಿವೆ.

ಅಮೆರಿಕ ಖಂಡಗಳಲ್ಲಿ ಮಾತ್ರ ವಾಸಿಸುವ ಒಂದು ಹಾವಿನ ಗುಂಪಿದೆ. ಬಾಲದ ತುದಿಯ ಒಣ ಬಳೆಗಳನ್ನು ಅಲುಗಿಸಿ ಗಿಲಕಿಯಂತೆ ಸದ್ದು ಮಾಡುವುದರಿಂದ ಇವನ್ನು ಗಿಲಕಿಹಾವು ಎನ್ನೋಣ. ಕಣ್ಣು ಮೂಗುಗಳ ನಡುವೆ ಗುಳಿಯಿರುವ ಮಂಡಲದ ಹಾವುಗಳ ಪಂಗಡಕ್ಕೆ ಇವು ಸೇರಿವೆ. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲವೂ ಅದೇ ಪಂಗಡದ್ದು. ದಕ್ಷಿಣ ಅಮೆರಿಕದ ಗಿಲಕಿಹಾವಿನ ವಿಷದಿಂದ ಗೊನ್ಸಾಲ್ವೆಸ್ ಮತ್ತು ವಿಯೆರಾ ಎಂಬ ಬ್ರೆಜಿಲಿನ ವಿಜ್ಞಾನಿಗಳು 1950ರಲ್ಲಿ ವಿದ್ಯುತ್ತಿನ ಸಹಾಯದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ಅದಕ್ಕೆ ಕ್ರೋಟಮೀನ್ ಎಂಬ ಹೆಸರು ಬಂದಿತು. ಇದನ್ನು ಇಲಿಗಳಿಗೆ ಚುಚ್ಚಿದರೆ ಹಿಂಗಾಲುಗಳು ಸೆಟೆದು ಸ್ವಾಧೀನ ತಪ್ಪುತ್ತವೆ. ವಿಚಿತ್ರವೇನೆಂದರೆ, ಒಂದೇ ಜಾತಿಯ ಹಾವುಗಳಾದರೂ ಕೆಲವು ಪ್ರದೇಶಗಳ ಹಾವುಗಳ ವಿಷದಲ್ಲಿ ಕ್ರೋಟಮೀನ್ ಇರುತ್ತದೆ, ಬೇರೆ ಕೆಲವು ಪ್ರದೇಶಗಳವುಗಳಲ್ಲಿ ಇರುವುದೇ ಇಲ್ಲ.

ಕ್ರೋಟಮೀನಿನ ಸರದಲ್ಲಿ 42 ಅಮೈನೋ ಆಮ್ಲಗಳಿವೆ. ಗಂಧಕದ ಮೂರು ಸೇತುವೆಗಳು ಅದನ್ನು ಒಂದು ಗಟ್ಟಿಯಾದ ಗಂಟಿನಂತೆ ಹಿಡಿದಿವೆ. ಸರದಲ್ಲಿ 9 ಲೈಸೀನ್, 2 ಆರ್ಜಿನೀನ್ ಇವೆ. ಈ 11ಕ್ಕೂ ಧನ ವಿದ್ಯುದಂಶ. ಋಣ ವಿದ್ಯುದಂಶವಿರುವ ಅಮೈನೋ ಆಮ್ಲಗಳು 3 ಮಾತ್ರ. ಕಳೆದರೆ ಉಳಿಯುವುದು 8. ಅಂದರೆ ಇಷ್ಟು ಪುಟ್ಟ ಅಣುವಿನಲ್ಲಿ 8 ಧನಾಂಶಗಳು ಒತ್ತಾಗಿ ಕುಳಿತಿವೆ. ಇದರ ಎಲ್ಲ ಮಹಿಮೆಗೂ ಇದೇ ಮೂಲ.

ಬ್ರೆಜಿಲಿನ ಕೆರ್ಕಿಸ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಎಲ್ಲರನ್ನೂ ಬೆರಗುಗೊಳಿಸಿದವು. ಹಾನಿ ಮಾಡದಷ್ಟು ಕಡಮೆ ಪ್ರಮಾಣದ ಕ್ರೋಟಮೀನನ್ನು ಜೀವಂತ ಕೋಶಗಳ ಜೊತೆ ಇರಿಸಿದಾಗ, ಅದು ಕೆಲವೇ ನಿಮಿಷಗಳಲ್ಲಿ ಕೋಶದೊಳಕ್ಕೆ ನುಸುಳಿ ಕೋಶಕೇಂದ್ರವನ್ನೂ ಸೇರಿತು. ಕೋಶಗಳು ಸಾಯಲಿಲ್ಲ. ಅಲ್ಲದೆ, ಸುಮ್ಮನಿರುವ ಕೋಶಗಳಿಗಿಂತ ಚುರುಕಾಗಿ ವಿಭಜನೆಗೊಳ್ಳುತ್ತಿರುವ ಕೋಶಗಳನ್ನೇ ಅದು ಹೆಚ್ಚಾಗಿ ಹೊಕ್ಕಿತು. ಅತಿ ವೇಗದ ವಿಭಜನೆಯೇ ಅರ್ಬುದ ರೋಗದ ಲಕ್ಷಣವೆಂಬುದನ್ನು ನೆನೆದರೆ, ಈ ಗುಣದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಹೊರೆ ಹೇರುವ ಬಗೆ

2007ರಲ್ಲಿ ನಾಸಿಮೆಂಟೊ ಮೊದಲಾದವರು ಮುಂದಿನ ಹೆಜ್ಜೆಯಿಟ್ಟರು. ಕ್ರೋಟಮೀನನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿ.ಎನ್.ಎ.ಯೊಡನೆ ಬೆರೆಸಿದರು. ಯಾವ ರಾಸಾಯನಿಕ ಬೆಸುಗೆಯೂ ಬೇಕಾಗಲಿಲ್ಲ. ಧನವೂ ಋಣವೂ ತಾವಾಗಿಯೇ ಒಂದನ್ನೊಂದು ಸೆಳೆದು ಕಟ್ಟಿಕೊಂಡವು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಡಿ.ಎನ್.ಎ.ಯ ಒಂದೊಂದು ಅಕ್ಷರಜೋಡಿಗೂ ಎರಡು ಋಣಾಂಶಗಳು. 5000 ಜೋಡಿಗಳ ಪ್ಲಾಸ್ಮಿಡ್ ಒಂದನ್ನು ತೆಗೆದುಕೊಂಡರೆ ಅದರಲ್ಲಿ 10,000 ಋಣಾಂಶಗಳಾದವು. ಒಂದು ಕ್ರೋಟಮೀನಿನಲ್ಲಿ 8 ಧನಾಂಶಗಳಿರುವುದರಿಂದ ಸರಿದೂಗಿಸಲು 1250 ಅಣುಗಳು ಬೇಕು. ಕಟ್ಟಿನ ಹೊರಮೈ ಧನವಾಗಿಯೇ ಉಳಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಒಂದು ವಂಶವಾಹಿಯನ್ನು ಹೊರಲು ಇರುವೆಗಳಂತೆ ಸಾವಿರಾರು ಪೆಪ್ಟೈಡುಗಳು ಸೇರಬೇಕೆಂಬುದನ್ನು ಓದುಗರು ಗಮನದಲ್ಲಿಡಬೇಕು. ಪ್ರಮಾಣದ ಪ್ರಶ್ನೆಯೇ ಮುಂದೆ ಮುಖ್ಯವಾಗುವುದು.

ಹೀಗೆ ಸಿದ್ಧವಾದ ಕಟ್ಟಿನ ಪ್ರಯಾಣವನ್ನು ಹಂತ ಹಂತವಾಗಿ ಹೀಗೆ ವಿವರಿಸಬಹುದು. ಕೋಶದ ಹೊರಮೈಯಲ್ಲಿ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆಯ ಎಳೆಗಳು ಕೂದಲಿನಂತೆ ಚಾಚಿಕೊಂಡಿವೆ. ಅವು ಋಣಾಂಶದಿಂದ ಕೂಡಿರುವುದರಿಂದ ಧನಾಂಶದ ಕಟ್ಟು ಅವುಗಳಿಗೆ ಅಂಟುತ್ತದೆ. ಕೋಶವು ಕಟ್ಟನ್ನು ಕಿರುಚೀಲದಲ್ಲಿ ನುಂಗುತ್ತದೆ. ಚೀಲದೊಳಗೆ ಆಮ್ಲ ಹೆಚ್ಚುತ್ತದೆ, ಕ್ರೋಟಮೀನ್ ಅಲ್ಲಿ ಶೇಖರವಾಗುತ್ತದೆ. ಕೊನೆಗೆ ಅದು ಚೀಲದ ಪೊರೆಯನ್ನು ತೂತುಮಾಡಿ ಒಳಗಿನ ಸರಕು ಕೋಶರಸಕ್ಕೆ ಸೋರುವಂತೆ ಮಾಡುತ್ತದೆ. ಹೀಗೆ ಆ ಮೂರನೆಯ ಅಡ್ಡಿ ನಿವಾರಣೆಯಾಗುತ್ತದೆ. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಮಾತ್ರವಲ್ಲದೆ ಜೀವಂತ ಇಲಿಗಳಲ್ಲಿಯೂ, ವಿಭಜನೆಯಲ್ಲಿ ತೊಡಗಿದ್ದ ಕೋಶಗಳಿಗೆ ಡಿ.ಎನ್.ಎ. ತಲುಪಿತೆಂದು ಈ ಸಂಶೋಧಕರು ತೋರಿಸಿದರು.

ಈಗ ಒಂದು ಆಕ್ಷೇಪ ಏಳಬಹುದು. ಹಿಂಗಾಲುಗಳ ಸ್ವಾಧೀನ ತಪ್ಪಿಸುವ ವಸ್ತುವನ್ನು ಮನುಷ್ಯನಿಗೆ ಚುಚ್ಚುವುದೇ? ಆಕ್ಷೇಪ ನ್ಯಾಯವಾದುದು. ಕ್ರೋಟಮೀನ್ ಮಾಂಸಖಂಡದ ಸೋಡಿಯಂ ದ್ವಾರಗಳ ಮೇಲೆ ಕೆಲಸ ಮಾಡುವುದೆಂದು ಹಿಂದೆ ಭಾವಿಸಿದ್ದರು. ಅದು ಕೆಲವು ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುತ್ತದೆಯೆಂದು 2012ರಲ್ಲಿ ತಿಳಿದುಬಂದಿತು. ಹಾಗಾದರೆ ದ್ವಾರ ಮುಚ್ಚುವ ಭಾಗವನ್ನು ಬಿಟ್ಟು, ಕೋಶದೊಳಕ್ಕೆ ನುಸುಳುವ ಭಾಗವನ್ನಷ್ಟೇ ಇಟ್ಟುಕೊಳ್ಳಬಹುದೇ? ಬ್ರೆಜಿಲ್ ಮತ್ತು ಸ್ಪೇನ್ ದೇಶಗಳ ವಿಜ್ಞಾನಿಗಳು 2008ರಲ್ಲಿ ಇಂಥ ಸಂಕ್ಷೇಪವನ್ನು ಮಾಡಿ ನೋಡಿದರು. 42ರ ಸರದಿಂದ ಮೊದಲಿನ 9 ಮಣಿಗಳನ್ನೂ ಕೊನೆಯ 5 ಮಣಿಗಳನ್ನೂ ತೆಗೆದು ಪೋಣಿಸಿದಾಗ 14 ಮಣಿಗಳ ಸರವಾಯಿತು. ಈ ಪುಟ್ಟ ಸರವೂ ಕೋಶವನ್ನು ಹೊಕ್ಕು, ಕೋಶಕೇಂದ್ರದ ಒಳಗಿನ ಕಿರುಕೇಂದ್ರದಲ್ಲಿ ಹೋಗಿ ನೆಲಸಿತು. ಇಷ್ಟು ಚಿಕ್ಕ ಪೆಪ್ಟೈಡನ್ನು ಹಾವಿನ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ತಯಾರಿಸಬಹುದೆಂಬುದು ಮತ್ತೊಂದು ಅನುಕೂಲ.

ಜೇನು, ಕಣಜ, ಚೇಳು

ಈ ಗುಣ ಹಾವಿಗೆ ಮಾತ್ರ ಮೀಸಲಲ್ಲ. ಜೇನುಹುಳುವಿನ ವಿಷವನ್ನು ಒಣಗಿಸಿದರೆ ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ 26 ಅಮೈನೋ ಆಮ್ಲಗಳ ಪೆಪ್ಟೈಡ್. ಇದು ಪೊರೆಗಳನ್ನು ಒಡೆಯುವುದರಲ್ಲಿ ಬಲು ಪಟು. ಇದರ ಮುಂಭಾಗ ಎಣ್ಣೆಯನ್ನು ಬಯಸುವುದು, ಬಾಲದ ಕಡೆ ಧನಾಂಶಗಳು. ಮುಂಭಾಗದಿಂದ ಪೊರೆಯಲ್ಲಿ ಹೂತುಕೊಂಡು, ಹಲವು ಅಣುಗಳು ಸೇರಿ ರಂಧ್ರ ಕೊರೆಯುತ್ತವೆ. 2001ರಲ್ಲಿ ಓಗ್ರಿಸ್, ಸೀಮೋರ್ ಮೊದಲಾದವರು ಕೃತಕ ವಾಹಕವೊಂದಕ್ಕೆ ಮೆಲಿಟಿನನ್ನು ಜೋಡಿಸಿದಾಗ, ಡಿ.ಎನ್.ಎ. ಕಿರುಚೀಲದಿಂದ ಹೊರಬರುವುದು ಬಹಳ ಸುಲಭವಾಯಿತು.

ಆದರೆ ಮೆಲಿಟಿನಿಗೆ ಚೀಲದ ಪೊರೆಯೂ ಒಂದೇ, ರಕ್ತಕಣದ ಪೊರೆಯೂ ಒಂದೇ. ಸಿಕ್ಕಿದುದನ್ನೆಲ್ಲ ಒಡೆಯುತ್ತದೆ. ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಅದಕ್ಕೊಂದು ಮುಸುಕು ಹೊದಿಸಿದರು. ರಕ್ತದಲ್ಲಿರುವಾಗ ಮುಸುಕಿನೊಳಗೆ ಸಾಧುವಾಗಿದ್ದು, ಕೋಶದ ಚೀಲವನ್ನು ಸೇರಿದ ಮೇಲೆ ಮುಸುಕು ಕಳಚಿ ಕೆಲಸಕ್ಕೆ ತೊಡಗಬೇಕೆಂಬುದು ಉಪಾಯ. ಅಮೆರಿಕದ ಆರೋಹೆಡ್ ಸಂಸ್ಥೆಯು ಮೆಲಿಟಿನಿನಂಥ ಪೆಪ್ಟೈಡಿಗೆ ಹೀಗೆ ಮುಸುಕು ಹಾಕಿ, ಯಕೃತ್ತಿನ ಹೆಪಟೈಟಿಸ್ ಬಿ ರೋಗಕ್ಕೆಂದು ಸಿದ್ಧಪಡಿಸಿದ ಆರ್.ಎನ್.ಎ. ಔಷಧಿಯ ಜೊತೆ ಬಳಸಿತು. ಮನುಷ್ಯರ ಮೇಲಿನ ಪರೀಕ್ಷೆಗಳೂ ನಡೆದವು. ಅಷ್ಟರಲ್ಲಿ ಕೋತಿಗಳ ವರ್ಗದ ಪ್ರಾಣಿಗಳಿಗೆ ಅತಿ ಹೆಚ್ಚಿನ ಪ್ರಮಾಣದಲ್ಲಿ ಈ ವಾಹಕವನ್ನು ಕೊಟ್ಟ ಪರೀಕ್ಷೆಯೊಂದರಲ್ಲಿ ಸಾವುಗಳು ಸಂಭವಿಸಿದವು. 2016ರ ನವೆಂಬರಿನಲ್ಲಿ ಆ ಕಾರ್ಯವನ್ನೇ ನಿಲ್ಲಿಸಲಾಯಿತು. ಒಳ್ಳೆಯ ವಿಜ್ಞಾನಕ್ಕೆ ನಿಲ್ಲಿಸುವ ಧೈರ್ಯವೂ ಬೇಕು.

ಕಣಜದ ವಿಷದ ಮಾಸ್ಟೊಪರಾನ್ ಎಂಬ 14ರ ಸರವನ್ನು, ನಮ್ಮ ನರಮಂಡಲದಲ್ಲಿಯೂ ಇರುವ ಗ್ಯಾಲನಿನ್ ಎಂಬುದರ ತುಣುಕಿಗೆ ಕಸಿ ಮಾಡಿ 1998ರಲ್ಲಿ ಟ್ರಾನ್ಸ್‌ಪೋರ್ಟಾನ್ ಎಂಬ ವಾಹಕವನ್ನು ರಚಿಸಿದರು. ಚೇಳಿನ ಕೊಡುಗೆ ಇನ್ನೊಂದು ಬಗೆಯದು. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಮರುಭೂಮಿಗಳ ಹಳದಿ ಚೇಳೊಂದರ ವಿಷದಲ್ಲಿ ಕ್ಲೋರೋಟಾಕ್ಸಿನ್ ಎಂಬ 36ರ ಸರವಿದೆ. ಇದು ಮಿದುಳಿನ ಗ್ಲಿಯೋಮ ಎಂಬ ಗೆಡ್ಡೆಯ ಕೋಶಗಳನ್ನು ಗುರುತಿಸಿ ಹಿಡಿಯುತ್ತದೆ. ಆದುದರಿಂದ ಹೊರೆಯನ್ನು ಅತಿಸೂಕ್ಷ್ಮ ಕಣವೊಂದರ ಮೇಲೆ ಹೇರಿ, ವಿಳಾಸ ತೋರಿಸಲು ಈ ಪೆಪ್ಟೈಡನ್ನು ಮುಂದೆ ನಿಲ್ಲಿಸುತ್ತಾರೆ. 2010ರಲ್ಲಿ ಅಮೆರಿಕದ ಸಂಶೋಧಕರು ಈ ಕ್ರಮದಿಂದ ಇಲಿಗಳಲ್ಲಿ ಬೆಳೆಸಿದ ಗ್ಲಿಯೋಮಕ್ಕೆ ಡಿ.ಎನ್.ಎ.ಯನ್ನು ಒಯ್ದರು.

ಇನ್ನು ಉಳಿದಿರುವುದೇನು?

ಇಷ್ಟೆಲ್ಲ ಆದರೂ ವಿಷದ ಪೆಪ್ಟೈಡಿನ ಮೇಲೆ ವಂಶವಾಹಿಯನ್ನು ಹೊರಿಸಿ ಕಳುಹಿಸುವ ಯಾವ ಔಷಧಿಯೂ ಇನ್ನೂ ರೋಗಿಗಳ ಬಳಕೆಗೆ ಬಂದಿಲ್ಲ. ಕಾರಣಗಳು ಸ್ಪಷ್ಟವಾಗಿವೆ. ರಕ್ತದಲ್ಲಿರುವ ಪ್ರೋಟೀನುಗಳಲ್ಲಿ ಋಣಾಂಶದವು ಹೇರಳ. ಅವು ಧನಾಂಶದ ಕಟ್ಟನ್ನು ದಾರಿಯಲ್ಲಿಯೇ ಮುತ್ತಿಕೊಳ್ಳುತ್ತವೆ. ಪೆಪ್ಟೈಡುಗಳನ್ನು ಕಿಣ್ವಗಳು ಕತ್ತರಿಸುತ್ತವೆ. ಪರಕೀಯ ವಸ್ತುವೆಂದು ದೇಹವು ಪ್ರತಿಕಾಯಗಳನ್ನು ಹೂಡಬಹುದು. ಪಾತ್ರೆಯೊಳಗಿನ ಒಂದು ಪದರದ ಕೋಶಗಳಿಗೂ, ಲಕ್ಷ ಕೋಟಿಗಳ ಲೆಕ್ಕದಲ್ಲಿ ಕೋಶಗಳಿರುವ ಮಾನವದೇಹಕ್ಕೂ ಬಹಳ ಅಂತರ. ಪಾತ್ರೆಯಲ್ಲಿ ಸಾಕಾಗುವ ಪ್ರಮಾಣ ದೇಹದಲ್ಲಿ ಸಾಲದು. ಹೆಚ್ಚಿಸಿದರೆ ವಾಹನವೇ ವಿಷವಾಗಿ ನಿಲ್ಲುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯ ಇಕ್ಕಟ್ಟು ಇಲ್ಲಿಯೂ ಇದೆ: ಚೀಲ ಒಡೆಯಬೇಕು, ಕೋಶ ಒಡೆಯಬಾರದು.

ಈ ಇಕ್ಕಟ್ಟಿನಲ್ಲಿಯೇ ವಿಷಯದ ತಿರುಳಿದೆ. ಕೊಲ್ಲುವ ಗುಣವೊಂದು, ಹೊರುವ ಗುಣವೊಂದು ಎಂದು ವಿಷದಲ್ಲಿ ಎರಡು ಗುಣಗಳು ಬೇರೆಬೇರೆಯಾಗಿ ಕುಳಿತಿಲ್ಲ. ಧನಾಂಶದಿಂದ ಅಂಟುವುದು, ಪೊರೆಯನ್ನು ತೂತು ಮಾಡುವುದು, ಇಷ್ಟೇ ಅದಕ್ಕೆ ಗೊತ್ತಿರುವ ಕೆಲಸ. ಅದೇ ಕೆಲಸ ಒಂದು ಪ್ರಮಾಣದಲ್ಲಿ, ಒಂದು ಸ್ಥಳದಲ್ಲಿ ಸಾವು. ಇನ್ನೊಂದು ಪ್ರಮಾಣದಲ್ಲಿ, ಇನ್ನೊಂದು ಸ್ಥಳದಲ್ಲಿ ಸಹಾಯ. ಎಷ್ಟು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಸಂಶೋಧಕರ ಮುಂದಿರುವ ಕಾರ್ಯ. ಸರವನ್ನು ಮೊಟಕು ಮಾಡುವುದು ಮೊದಲ ಪ್ರಶ್ನೆಗೆ, ಚೇಳಿನ ಪೆಪ್ಟೈಡಿನಿಂದ ವಿಳಾಸ ಬರೆಯುವುದು ಎರಡನೆಯದಕ್ಕೆ, ಮುಸುಕು ಹಾಕುವುದು ಮೂರನೆಯದಕ್ಕೆ ಕಂಡುಕೊಂಡಿರುವ ಅರೆಬರೆ ಉತ್ತರಗಳು.

ಆದುದರಿಂದ, ಹಾವಿನ ವಿಷದಲ್ಲಿ ಔಷಧಿಯಿದೆಯೆಂಬ ಮಾತನ್ನು ಕೇಳಿ ಯಾರೂ ಮೋಸಹೋಗಬಾರದು. ಕ್ರೋಟಮೀನ್ ಇರುವ ಅದೇ ವಿಷದಲ್ಲಿ ಕ್ರೋಟಾಕ್ಸಿನ್ ಎಂಬ ಮಾರಕ ವಸ್ತುವೂ ಇದೆ. ಸಂಶೋಧಕನು ಬಳಸುವುದು ಶುದ್ಧೀಕರಿಸಿ, ಅಳೆದು, ಎಷ್ಟೋ ಸಲ ಪರೀಕ್ಷಿಸಿದ ಒಂದೇ ಒಂದು ಅಣುವನ್ನು. ಹಸಿ ವಿಷವನ್ನು ಮದ್ದೆಂದು ಮಾರುವವನಿಗೂ ಈ ವಿದ್ಯೆಗೂ ಯಾವ ನಂಟೂ ಇಲ್ಲ.

ಕ್ರೋಟಮೀನನ್ನು 1950ರಲ್ಲಿ ಬೇರ್ಪಡಿಸಿದವರಿಗೆ ಅದು ವಂಶವಾಹಿಯನ್ನು ಹೊರಬಲ್ಲದೆಂಬ ಕಲ್ಪನೆಯಿರಲು ಸಾಧ್ಯವೇ ಇರಲಿಲ್ಲ. ಡಿ.ಎನ್.ಎ.ಯ ರಚನೆ ತಿಳಿದುಬಂದುದೇ 1953ರಲ್ಲಿ. ವಿಷದಲ್ಲಿ ಏನಿದೆಯೆಂದು ತಿಳಿಯುವ ಕುತೂಹಲದಿಂದ ಅವರು ದುಡಿದರು. ಅದರ ಉಪಯೋಗ ಕಾಣಿಸಿಕೊಳ್ಳಲು ಅರ್ಧ ಶತಮಾನವೇ ಬೇಕಾಯಿತು. ಕುಸುಮರೋಗದ ಬಾಲಕನಿಗೋ ಮಿದುಳಿನ ಗೆಡ್ಡೆಯ ರೋಗಿಗೋ ಇದರ ಫಲ ದೊರೆಯಲು ಇನ್ನೆಷ್ಟು ಕಾಲ ಹಿಡಿಯುವುದೋ ಹೇಳಲಾಗದು. ಆದರೆ ಆ ಕಾಲವನ್ನು ಕಡಮೆ ಮಾಡುವವರು ಇಂದು ಕಾಲೇಜುಗಳಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಲ್ಲಿಯೇ ಇದ್ದಾರೆ.